ಒಲೆಗೆ ಹೋದ ಮರ, ಒಲೆಗೆ ಹೋಗದ ಮರ

ಸಿದ್ದಾಪುರದ ಕಡೆ ಮೇ ತಿಂಗಳ ಕೊನೆಯಲ್ಲಿ ಒಂದು ಮನೆಯ ಪರಿಸ್ಥಿತಿ ಹೇಗಿದೆ ಅಂತ ತಿಳೀಬೇಕಿದ್ರೆ ಕಟ್ಟಿಗೆ ಕೊಟ್ಟಿಗೆಯ ಬಾಗಿಲಲ್ಲಿ ಒಂದು ನಿಮಿಷ ನಿಂತರೆ ಸಾಕು. ಸೂರು ಮುಟ್ಟುವ ಹಾಗೆ ಪೇರಿಸಿದ್ದರೆ ಆ ಮನೆಯಲ್ಲಿ ಆಳು, ದುಡ್ಡು, ತಾಳ್ಮೆ ಮೂರೂ ಇವೆ. ಅರ್ಧಕ್ಕೇ ನಿಂತಿದ್ದರೆ ಯಾರಿಗೋ ಕಾಯಿಲೆ, ಇಲ್ಲಾ ಅಣ್ಣತಮ್ಮಂದಿರ ಹಿಸೆ ಜಗಳ, ಇಲ್ಲಾ ಆ ವರ್ಷ ಮದುವೆ ಆಗಿದೆ. ನಮ್ಮಲ್ಲಿ ಚಳಿಗಾಲಕ್ಕೆ ಅಂತ ಯಾರೂ ಕಟ್ಟಿಗೆ ಕೂಡಿಡೋದಿಲ್ಲ. ನಮಗೆ ಹೆದರಿಕೆ ಇದ್ದದ್ದು ಮಳೆಗಾಲದ್ದು. ಮೃಗಶಿರ ಮಳೆ ಹಿಡಿದರೆ ಮಘೆ ದಾಟುವವರೆಗೂ ಬಿಸಿಲು ಅನ್ನೋದು ಪುಣ್ಯ ಇದ್ದರೆ ಕಾಣುವ ವಸ್ತು. ಆ ಹೆಚ್ಚುಕಮ್ಮಿ ಮೂರು ತಿಂಗಳು ಅನ್ನ ಬೇಯಬೇಕು, ಹಂಡೆ ನೀರು ಕಾಯಬೇಕು, ದನದ ಬಾಯಿಗೆ ಅಕ್ಕಚ್ಚು ಬಿಸಿಯಾಗಬೇಕು, ಒದ್ದೆ ಬಟ್ಟೆ ಒಣಗಬೇಕು. ಎಲ್ಲದಕ್ಕೂ ಅದೇ ಕೊಟ್ಟಿಗೆ.

ಇತಿಹಾಸದ ಅಂಕಣದಲ್ಲಿ ಇದೇನು ಕಟ್ಟಿಗೆ ಕಥೆ ಅಂತ ನಿಮಗೆ ಅನ್ನಿಸಬಹುದು. ರಾಜರ ಶಾಸನ ಓದೋದಕ್ಕಿಂತ ಕಟ್ಟಿಗೆ ರಾಶಿ ಓದೋದು ನನಗೆ ಹೆಚ್ಚು ರುಚಿಸಿತು, ಅಷ್ಟೇ. ಯಾಕೆ ಅಂದ್ರೆ ಅದರಲ್ಲಿ ಯಾವ ಮರ ಇದೆ, ಯಾವ ಮರ ಇಲ್ಲ ಅನ್ನೋದನ್ನ ನಮ್ಮ ಅಜ್ಜಂದಿರು ಮಾತ್ರ ತೀರ್ಮಾನ ಮಾಡಿದ್ದಲ್ಲ. ಮದರಾಸು, ಮುಂಬಯಿ, ಲಂಡನ್ನುಗಳಲ್ಲಿ ಕೂತ ಕೆಲವರ ಕೈಯೂ ಅದರಲ್ಲಿದೆ.

ಮೊದಲು ಕೆಲಸದ ಬಗ್ಗೆ ಹೇಳಿಬಿಡ್ತೀನಿ. ಅಡಿಕೆ ಕೊಯ್ಲು ಮುಗಿದು ಕೈ ಬಿಡುವಾಗುವ ಹೊತ್ತಿಗೆ, ಅಂದರೆ ಮಾಘ ಮಾಸದ ಸುಮಾರಿಗೆ, ಮರ ತುಂಡು ಮಾಡೋ ಕೆಲಸ ಶುರು. ಬಿದ್ದ ಮರ, ಒಣಗಿ ನಿಂತ ಮರ, ಗಾಳಿಗೆ ಮುರಿದ ಟೊಂಗೆ. ಮೊಳಕೈಯಿಂದ ಬೆರಳ ತುದಿಯಷ್ಟು ಉದ್ದದ ತುಂಡು ಅಡುಗೆ ಒಲೆಗೆ. ಬಚ್ಚಲ ಒಲೆಗೆ ಅದರ ಎರಡು ಪಟ್ಟು ಇದ್ದರೂ ನಡೆಯುತ್ತೆ. ದಪ್ಪ ಕುಂಟೆಗಳನ್ನು ಹಸಿ ಆರುವ ಮೊದಲೇ ಸೀಳಿಬಿಡಬೇಕು. ಪೂರ್ತಿ ಒಣಗಿದ ಜಂಬೆ ಮರದ ಮೇಲೆ ಕೊಡಲಿ ಹಾಕಿ ನೋಡಿ, ಕಬ್ಬಿಣದ ಮೇಲೆ ಹಾಕಿದ ಹಾಗೆ ಟಣ್ ಅಂತ ವಾಪಸ್ ಬರುತ್ತೆ. ಸೀಳೋದು ಬರೀ ಸಣ್ಣ ಮಾಡೋದಕ್ಕಲ್ಲ. ಮರದ ತೊಗಟೆ ನೀರು ಹೊರಗೆ ಹೋಗದ ಹಾಗೆ ತಡೆಯೋ ಚರ್ಮ. ಒಳಗಿನ ಮೈ ಗಾಳಿಗೆ ತೆರೆದುಕೊಂಡರಷ್ಟೇ ಬೇಗ ಒಣಗುತ್ತೆ. ಹಸಿ ಕಟ್ಟಿಗೆಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ. ಚೆನ್ನಾಗಿ ಒಣಗಿದ ಮೇಲೆ ಅದು ಐದರಲ್ಲೊಂದು ಪಾಲಿಗೆ ಇಳಿಯುತ್ತೆ. ಒಣಗದ ಕಟ್ಟಿಗೆ ಒಲೆಗೆ ಇಟ್ಟರೆ ಬೆಂಕಿ ಮೊದಲು ಆ ನೀರನ್ನು ಕುದಿಸಿ, ಉಳಿದದ್ದರಲ್ಲಿ ನಿಮ್ಮ ಅನ್ನ ಬೇಯಿಸುತ್ತೆ. ಜೊತೆಗೆ ಕಣ್ಣು ಬಿಡಲಾಗದಷ್ಟು ಹೊಗೆ.

ನಮ್ಮನೆಗೆ ಕಟ್ಟಿಗೆ ಒಡೆಯೋಕೆ ಬರ್ತಿದ್ದವರನ್ನ ನಾವು ಮಕ್ಕಳು ಕೊಡಲಿಯಜ್ಜ ಅಂತಿದ್ವಿ. ಸಣ್ಣಕಲು ದೇಹ. ಅವರು ಒಂದು ಕುಂಟೆಯನ್ನ ಎತ್ತಿ ನಿಲ್ಲಿಸಿ, ಅದರ ಸುತ್ತ ಒಂದು ಸುತ್ತು ಬಂದು, ತಲೆಯ ಮೇಲಿನ ಬಿರುಕು ಯಾವ ಕಡೆ ಓಡಿದೆ ಅಂತ ನೋಡಿ, ಆಮೇಲೆ ಕೊಡಲಿ ಎತ್ತುತ್ತಿದ್ದರು. ಗಂಟು ಇದ್ದರೆ ನಡುವಿಗೆ ಹೊಡೀತಾನೇ ಇರಲಿಲ್ಲ, ಅಂಚಿನಿಂದ ಒಂದೊಂದೇ ಪದರ ಬಿಡಿಸ್ತಿದ್ದರು. ತೀರಾ ಹಟ ಮಾಡುವ ಕುಂಟೆಗೆ ಬೆಣೆ. ಶಕ್ತಿಯ ಕೆಲಸ ಅಂತ ದೂರದಿಂದ ನೋಡಿದವರಿಗೆ ಕಾಣೋದು, ಹತ್ತಿರ ಕೂತು ನೋಡಿದರೆ ಅದು ಮುಕ್ಕಾಲು ಪಾಲು ಕಣ್ಣಿನ ಕೆಲಸ. ಈಗ ಆಫೀಸಿನಲ್ಲಿ ಯಾರೋ ಬರೆದ ಹಳೇ ಕೋಡ್ ಬಿಡಿಸುವಾಗ ನಾನು ಮೊದಲು ಮಾಡೋದು ಅದರ ಸುತ್ತ ಒಂದು ಸುತ್ತು ಬರೋದನ್ನೇ.

ಪೇರಿಸೋದು ಇನ್ನೊಂದು ವಿದ್ಯೆ. ಅಡಿಗೆ ಕಲ್ಲು ಇಟ್ಟು ನೆಲದಿಂದ ಎತ್ತರಿಸಬೇಕು, ಇಲ್ಲದಿದ್ದರೆ ಒರಲೆ ನಿಮಗಿಂತ ಮೊದಲು ಊಟಕ್ಕೆ ಕೂತಿರುತ್ತೆ. ಎರಡೂ ತುದಿಯಲ್ಲಿ ಒಂದು ಸಾಲು ಅಡ್ಡ, ಒಂದು ಸಾಲು ಉದ್ದ ಇಟ್ಟು ಕಂಬದ ಹಾಗೆ ಕಟ್ಟಿಕೊಂಡು, ನಡುವೆ ಸೀಳುಗಳನ್ನ ಗಾಳಿ ಆಡುವಷ್ಟು ಸಡಿಲವಾಗಿ ತುಂಬಬೇಕು. ನಾರ್ವೆ ದೇಶದಲ್ಲಿ 2013ರಲ್ಲಿ ಸರ್ಕಾರಿ ಟಿವಿಯವರು ಕಟ್ಟಿಗೆ ಬಗ್ಗೆಯೇ ಹನ್ನೆರಡು ಗಂಟೆಗಳ ಕಾರ್ಯಕ್ರಮ ಹಾಕಿದ್ದರಂತೆ. ಪೇರಿಸುವಾಗ ತೊಗಟೆ ಮೇಲೆ ಬರಬೇಕೋ ಕೆಳಗೆ ಬರಬೇಕೋ ಅಂತ ನೋಡುಗರು ಜಗಳ ಆಡಿಕೊಂಡು ದೂರು ಕಳಿಸಿದರು. ನಮ್ಮೂರಿನ ಹಿರಿಯರನ್ನ ಕೂರಿಸಿದ್ದರೆ ಇನ್ನೂ ಹನ್ನೆರಡು ಗಂಟೆ ಓಡಿಸಬಹುದಿತ್ತು. ಕಂಪ್ಯೂಟರ್ ಓದಿದವರು ಇದನ್ನ ಸ್ಟ್ಯಾಕ್ ಅಂತ ಕರೆಯೋದು ತಪ್ಪು, ಇದು ಕ್ಯೂ. ಮೊದಲು ಬಂದದ್ದು ಮೊದಲು ಹೋಗಬೇಕು. "ಹಳೇದು ಮೊದ್ಲು ಮುಗಿಲಿ ತಮಾ" ಅಂತ ಅಜ್ಜಿ ನನ್ನ ಕೈ ತಡೀತಿದ್ದಳು. ನನಗೋ ಬಾಗಿಲ ಹತ್ತಿರದ್ದೇ ಬೇಕು, ಹಿಂದುಗಡೆ ಚೇಳು ಇರುತ್ತೆ ಅಂತ.

ಈಗ ಮರದ ವಿಷಯ. ಕೊಟ್ಟಿಗೆಯಲ್ಲಿ ಜಾತಿಪದ್ಧತಿ ಇತ್ತು. ಜಂಬೆ ಎಲ್ಲಕ್ಕಿಂತ ಮೇಲೆ, ಕೆಂಡ ಬಹಳ ಹೊತ್ತು ನಿಲ್ಲುತ್ತೆ, ರಾತ್ರಿ ಬೂದಿ ಮುಚ್ಚಿಟ್ಟರೆ ಬೆಳಿಗ್ಗೆ ಊದಿ ಎಬ್ಬಿಸಬಹುದು. ಮತ್ತಿ, ಕಿಂದಳ, ನೇರಳೆ ಅದರ ಹಿಂದೆ. ಮಾವು ಪರವಾಗಿಲ್ಲ, ಆದರೆ ಮಾವಿನ ಮರ ಕಡಿಸಿದರೆ ಯಾರ ಮನೆಯಲ್ಲಿ ಸಾವು ಅಂತ ಕೇಳುತ್ತಾರೆ, ಹೆಣ ಸುಡೋಕೆ ಅದೇ ಬೇಕಲ್ಲ. ಹಲಸನ್ನು ಉರುವಲು ಮಾಡೋದು ದಡ್ಡತನ, ಅದು ಬಾಗಿಲು, ಮಂಚ ಆಗಬೇಕಾದ ಮರ. ಅಡಿಕೆ ದಬ್ಬೆ ಕಾಗದದ ಹಾಗೆ ಭಗ್ ಅಂತ ಉರಿದು ಮುಗಿಯುತ್ತೆ, ಬೆಂಕಿ ಹಿಡಿಸೋಕೆ ಮಾತ್ರ. ಬೂರುಗ, ಹಾಲುವಾಣ ಇವು ಒಲೆಗೆ ಅವಮಾನ. ಹೊಲಗೇರು ಮುಟ್ಟಿದರೆ ಮೈಯೆಲ್ಲಾ ಬೊಕ್ಕೆ. ಬಿದಿರನ್ನು ಒಲೆಗೆ ಹಾಕಬಾರದು ಅಂತ ನಂಬಿಕೆ. ಇಷ್ಟೂ ನಮ್ಮವರ ಅನುಭವ, ಒಪ್ಪಿದೆ.

ಆದರೆ ಆ ಪಟ್ಟಿಯಲ್ಲಿ ಇಲ್ಲದ ಮೂರು ಹೆಸರು ನೋಡಿ. ಸಾಗವಾನಿ, ಬೀಟೆ, ಗಂಧ. ಕಾಡಿನಲ್ಲಿ ಅವೂ ಬೀಳುತ್ತವೆ, ಅವೂ ಒಣಗುತ್ತವೆ. ಚಿಕ್ಕಂದಿನಲ್ಲಿ ಕೊಡಲಿಯಜ್ಜನನ್ನ ಕೇಳಿದ್ದೆ, ಬಿದ್ದ ಸಾಗವಾನಿ ಯಾಕೆ ತರೋದಿಲ್ಲ ಅಂತ. "ಅದು ಸರ್ಕಾರದ ಮರ" ಅಂದಿದ್ದರು. ದೇವರ ಮರ, ದೆವ್ವದ ಮರ ಅಂತೆಲ್ಲ ಕೇಳಿದ್ದ ನನಗೆ ಸರ್ಕಾರದ ಮರ ಅನ್ನೋದು ಇನ್ನೂ ಭಯಂಕರವಾದ ಏನೋ ಅನ್ನಿಸಿತ್ತು.

ಮರಕ್ಕೆ ಸರ್ಕಾರ ಮಾಲೀಕ ಆದದ್ದು ಯಾವಾಗ? ಗಂಧ ಟಿಪ್ಪುವಿನ ಕಾಲಕ್ಕೇ ರಾಜನ ಸೊತ್ತು. ಸಾಗವಾನಿಯ ಕಥೆಗೆ ಹಡಗು ಕಾರಣ. ಇಂಗ್ಲೆಂಡಿನವರಿಗೆ ಫ್ರಾನ್ಸಿನ ನೆಪೋಲಿಯನ್ ಜೊತೆ ಯುದ್ಧ, ಅವರ ಓಕ್ ಮರಗಳು ಮುಗೀತಾ ಬಂದಿದ್ದವು, ಪಶ್ಚಿಮ ಘಟ್ಟದ ಸಾಗವಾನಿಯಿಂದ ಮುಂಬಯಿಯಲ್ಲಿ ಹಡಗು ಕಟ್ಟಬಹುದು ಅನ್ನೋದು ಗೊತ್ತಾಗಿತ್ತು. 1806ರಲ್ಲಿ ಮಲಬಾರ್ ಕಡೆಗೆ ಕ್ಯಾಪ್ಟನ್ ವಾಟ್ಸನ್ ಅನ್ನೋ ಪೊಲೀಸ್ ಅಧಿಕಾರಿಯನ್ನ ಅರಣ್ಯ ಸಂರಕ್ಷಕ ಅಂತ ನೇಮಿಸಿದರು. ಹಿಂದೂಸ್ತಾನದಲ್ಲಿ ಆ ಹುದ್ದೆಗೆ ಬಂದ ಮೊದಲಿಗ ಅವನೇ. ಅರಣ್ಯ ನೋಡಿಕೊಳ್ಳೋಕೆ ಮೊದಲು ಕಳಿಸಿದ್ದು ಪೊಲೀಸಿನವನನ್ನ ಅನ್ನೋದು ನೆನಪಿರಲಿ. ಅವನ ಕಟ್ಟುನಿಟ್ಟಿಗೆ ವ್ಯಾಪಾರಿಗಳಿಂದ ರೈತರವರೆಗೆ ಎಲ್ಲರೂ ರೋಸಿಹೋಗಿ, 1823ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಕಾಲದಲ್ಲಿ ಆ ವ್ಯವಸ್ಥೆಯನ್ನೇ ರದ್ದು ಮಾಡಬೇಕಾಯ್ತು. ನಮ್ಮ ಕೆನರಾ ಜಿಲ್ಲೆಗೆ 1799ರ ನಂತರ ಬಂದ ಮೊದಲ ಬ್ರಿಟಿಷ್ ಕಲೆಕ್ಟರ್ ಇದೇ ಮನ್ರೋ.

ಮೂವತ್ತು ಚಿಲ್ಲರೆ ವರ್ಷ ಕಾಡು ಉಸಿರಾಡಿತು. ಆಮೇಲೆ ರೈಲು ಬಂತು. 1853ರಲ್ಲಿ ಮುಂಬಯಿ–ಠಾಣೆ ನಡುವೆ ಮೊದಲ ಪ್ರಯಾಣಿಕರ ಗಾಡಿ ಓಡಿದ್ದನ್ನ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೀವಿ. ಮಾಡದೇ ಇದ್ದದ್ದು ಇದು: ಒಂದು ಮೈಲಿ ಹಳಿಯ ಕೆಳಗೆ ಸುಮಾರು ಎರಡು ಸಾವಿರ ಮರದ ಸ್ಲೀಪರುಗಳು ಬೇಕು, ಅವು ಗಟ್ಟಿ ಮರವೇ ಆಗಬೇಕು. ಇಂಜಿನ್ನಿಗೆ ಕಲ್ಲಿದ್ದಲು ಬಂಗಾಳದಿಂದ ಬರಬೇಕು. ದಕ್ಷಿಣಕ್ಕೆ ಅದು ದೂರ, ದುಬಾರಿ. ಹಾಗಾಗಿ ಮದರಾಸ್ ರೈಲ್ವೆಯ ಇಂಜಿನ್ನುಗಳು ಬಹಳ ಕಾಲ ಉರಿಸಿದ್ದು ಕಟ್ಟಿಗೆಯನ್ನೇ. ಅಜ್ಜಿಯ ಒಲೆಗೂ ಉಗಿಬಂಡಿಗೂ ಒಂದೇ ಕಾಡಿನಿಂದ ಉರುವಲು ಅಂದ ಮೇಲೆ ಇಬ್ಬರಲ್ಲಿ ಯಾರು ಕಳ್ಳರಾಗಬೇಕು ಅಂತ ತೀರ್ಮಾನಿಸೋಕೆ ಒಂದು ಕಾನೂನು ಬೇಕಾಯ್ತು. 1865ರಲ್ಲಿ ಮೊದಲ ಅರಣ್ಯ ಕಾಯಿದೆ. 1878ರಲ್ಲಿ ಇನ್ನೂ ಬಿಗಿಯಾದದ್ದು, ಅದರಲ್ಲಿ ಕಾಡು ಮೂರು ಭಾಗ: ಮೀಸಲು, ರಕ್ಷಿತ, ಗ್ರಾಮ ಅರಣ್ಯ. ಕರಾವಳಿಯ ಮರಳಿನಲ್ಲಿ ಇವತ್ತು ನಾವು ಫೋಟೋ ತೆಗೆಸಿಕೊಳ್ಳುವ ಗಾಳಿಮರದ ತೋಪುಗಳ ಮೂಲ ಕೂಡ ಉರುವಲಿನ ಹಸಿವೇ.

ಇದರ ನಡುವೆ ಕುಮ್ರಿ ಬೇಸಾಯಕ್ಕೂ ಏಟು ಬಿತ್ತು. ಕಾಡಿನ ತುಂಡು ಕಡಿದು, ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತಿ, ಎರಡು ವರ್ಷದ ಮೇಲೆ ಬೇರೆಡೆಗೆ ಹೋಗುವ ಪದ್ಧತಿ. ಮದರಾಸ್ ಸರ್ಕಾರ 1860ರಲ್ಲಿ ಅದನ್ನ ಅನುಮತಿ ಇಲ್ಲದೆ ಮಾಡಬಾರದು ಅಂತ ನಿಲ್ಲಿಸಿತು. ಮರ ಸುಡೋದು ಪೋಲು ಅನ್ನೋದು ಅಧಿಕಾರಿಗಳ ವಾದ. ಅದೇ ಮರವನ್ನ ಇಂಜಿನ್ನಿನ ಹೊಟ್ಟೆಯಲ್ಲಿ ಸುಟ್ಟರೆ ಅಭಿವೃದ್ಧಿ.

1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯ್ತು. ಘಟ್ಟದ ಮೇಲಿನ ಅಡಿಕೆ ತೋಟಗಳಿಂದ ಸರ್ಕಾರಕ್ಕೆ ಒಳ್ಳೇ ಕಂದಾಯ ಬರ್ತಿತ್ತು. ಆ ತೋಟಗಳು ಬದುಕಿದ್ದು ಕಾಡಿನ ಸೊಪ್ಪು, ದರಕಿನ ಗೊಬ್ಬರದ ಮೇಲೆ. ಕಾಡು ಮುಚ್ಚಿದರೆ ತೋಟ ಸಾಯುತ್ತೆ, ಕಂದಾಯವೂ ಸಾಯುತ್ತೆ. ಹೀಗಾಗಿ ತೋಟಿಗರಿಗೆ ಬೆಟ್ಟ ಸಿಕ್ಕಿತು: ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನಬೆಟ್ಟ. ಸೊಪ್ಪು ಕಡೀಬಹುದು, ದರಕು ಗುಡಿಸಬಹುದು, ಮನೆ ಖರ್ಚಿಗೆ ಒಣ ಕಟ್ಟಿಗೆ ತರಬಹುದು. ಮಾರುವ ಹಾಗಿಲ್ಲ. ಮೀಸಲು ಜಾತಿಯ ಮರ ಮುಟ್ಟುವ ಹಾಗಿಲ್ಲ. ನೆಲ ನಿಮ್ಮದಲ್ಲ. ಸರ್ಕಾರ ಬಳಸಿದ ಪದವನ್ನ ಗಮನಿಸಬೇಕು, ಇದನ್ನ ಅವರು ಹಕ್ಕು ಅಂತ ಕರೀಲಿಲ್ಲ, ಸವಲತ್ತು ಅಂದರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಫೋಲ್ಡರಿಗೆ ಆಕ್ಸೆಸ್ ಕೊಟ್ಟಿದ್ದಾರೆ, ಅಡ್ಮಿನ್ ಅವರೇ. ಹಕ್ಕನ್ನ ಕೋರ್ಟಿನಲ್ಲಿ ಕೇಳಬಹುದು. ಸವಲತ್ತನ್ನ ಅರ್ಜಿ ಹಾಕಿ ಬೇಡಬೇಕು.

ನಮ್ಮದು ಒಂದು ಎಕರೆಗೂ ಕಮ್ಮಿ ತೋಟ. ಆದರೂ ಅದಕ್ಕೆ ತಕ್ಕ ಬೆಟ್ಟ ಇತ್ತು. ಜಂಬೆ, ಮತ್ತಿ, ಕಿಂದಳದ ಆ ಬೆಟ್ಟವೇ ನಮ್ಮ ಕೊಟ್ಟಿಗೆ ತುಂಬಿಸಿದ್ದು. ಹಾಗಾದರೆ ತೋಟ ಇಲ್ಲದವರಿಗೆ? ಈ ಲೆಕ್ಕದಲ್ಲಿ ಸೊನ್ನೆ ಎಕರೆ ತೋಟಕ್ಕೆ ಸೊನ್ನೆ ಎಕರೆ ಬೆಟ್ಟ. ಗದ್ದೆ ಗೇಣಿಗೆ ಮಾಡುವವರಿಗೆ, ಕೂಲಿಯವರಿಗೆ ಉಳಿದದ್ದು ಊರಾಚೆಯ ಕಾಡು, ಅದರಲ್ಲೂ ತಲೆಹೊರೆಯಷ್ಟು ಒಣ ಕಟ್ಟಿಗೆ. ಕೊಡಲಿಯಜ್ಜ ನಮ್ಮ ಬೆಟ್ಟದ ಮರವನ್ನ ನಮ್ಮ ಅಂಗಳದಲ್ಲಿ ಇಡೀ ದಿನ ಒಡೆದು, ಸಂಜೆ ಕೂಲಿ ಜೊತೆ ಒಂದಷ್ಟು ಚಕ್ಕೆ, ಸಿಬರು ಕಟ್ಟಿಕೊಂಡು ಹೋಗ್ತಿದ್ದರು. ಅವರ ಹೆಂಡತಿ ತಲೆ ಮೇಲೆ ಸಿಂಬೆ ಇಟ್ಟು ಕಾಡಿನಿಂದ ಹೊರೆ ತರ್ತಿದ್ದರು. ಒಂದೇ ಊರಿನ ಎರಡು ಒಲೆಗಳ ನಡುವೆ ಇಷ್ಟು ದೂರ ಇರೋದು ಚಿಕ್ಕಂದಿನಲ್ಲಿ ಸಹಜ ಅಂತಲೇ ಕಂಡಿತ್ತು. ಅದನ್ನ ಹತ್ತೊಂಬತ್ತನೇ ಶತಮಾನದ ಒಂದು ಕಂದಾಯದ ಲೆಕ್ಕಾಚಾರ ಗಟ್ಟಿ ಮಾಡಿಟ್ಟಿತು ಅನ್ನೋದು ಓದಿ ತಿಳಿದದ್ದು ಬಹಳ ಆಮೇಲೆ.

ಹೀಗಾಗಿ 1930ರಲ್ಲಿ ಉಪ್ಪಿನ ಸತ್ಯಾಗ್ರಹ ಅಂಕೋಲೆಗೆ ಬಂದಾಗ ಘಟ್ಟದ ಮೇಲಿನವರಿಗೆ ತಮ್ಮದೇ ಉಪ್ಪು ಹುಡುಕೋದು ಕಷ್ಟ ಆಗಲಿಲ್ಲ. ಸಿರ್ಸಿ, ಸಿದ್ದಾಪುರದವರು ಕಾಡಿಗೆ ನುಗ್ಗಿ ನಿಷೇಧದ ಮರಗಳನ್ನ ಕಡಿದರು. ಜಂಗಲ್ ಸತ್ಯಾಗ್ರಹ ಅಂತ ಅದರ ಹೆಸರು. ಮರ ಕಡಿಯೋದು ದೇಶಸೇವೆ ಆಗಿದ್ದ ಕಾಲ ಅದು. ಇವತ್ತಿನ ಪರಿಸರ ದಿನದ ಭಾಷಣಗಳಲ್ಲಿ ಇದನ್ನ ಯಾರೂ ಹೇಳೋದಿಲ್ಲ, ಮುಜುಗರ ಆಗುತ್ತೋ ಏನೋ.

ಬ್ರಿಟಿಷರನ್ನ ಮಾತ್ರ ಬೈದು ಮುಗಿಸೋದು ನ್ಯಾಯ ಅಲ್ಲ. ಶರಾವತಿ ದಾಟಿದರೆ ನಮ್ಮದೇ ಮಹಾರಾಜರ ಮೈಸೂರು. ಅಲ್ಲಿ ವಿಶ್ವೇಶ್ವರಯ್ಯನವರ ಕನಸಿನ ಭದ್ರಾವತಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿತು. ಅದಿರು ಕೆಮ್ಮಣ್ಣುಗುಂಡಿಯದ್ದು. ಕಬ್ಬಿಣ ಕರಗಿಸೋಕೆ ಎಲ್ಲರೂ ಬಳಸೋ ಕಲ್ಲಿದ್ದಲಿನ ಕೋಕ್ ಇಲ್ಲಿ ಇಲ್ಲ. ಹಾಗಾಗಿ ಮಲೆನಾಡಿನ ಕಾಡಿನ ಮರ ತಂದು, ಗಾಳಿ ತಾಗದ ಹಾಗೆ ಮುಚ್ಚಿ ಕಾಯಿಸಿ ಇದ್ದಿಲು ಮಾಡಿ, ಆ ಇದ್ದಿಲಿನಿಂದ ಕುಲುಮೆ ಉರಿಸಿದರು. ಹೊಗೆಯನ್ನೂ ಬಿಡಲಿಲ್ಲ, ತಣಿಸಿ ಅದರಿಂದ ಮರದ ಮದ್ಯಸಾರ, ಟಾರು, ಅಸಿಟೇಟ್ ತೆಗೆದರು. ಇಂಜಿನಿಯರ್ ಆಗಿ ಓದಿದರೆ ಮೈ ಜುಮ್ ಅನ್ನುತ್ತೆ, ಏನೂ ಪೋಲಾಗದ ಹಾಗೆ ಎಷ್ಟು ಚೆಂದ ಯೋಚನೆ ಮಾಡಿದ್ದಾರೆ ಅಂತ. ಹಳ್ಳಿಯವನಾಗಿ ಓದಿದರೆ ಹೊಟ್ಟೆಯಲ್ಲಿ ಏನೋ ತಿರುಚುತ್ತೆ, ಯಾಕೆ ಅಂದ್ರೆ ಆ ಕುಲುಮೆಯ ಹಸಿವಿಗೆ ರಜೆ ಇರಲಿಲ್ಲ. 1948ರಲ್ಲಿ ಜೋಗದ ವಿದ್ಯುತ್ ಬಂತು. ಐವತ್ತರ ದಶಕದಲ್ಲಿ ಭದ್ರಾವತಿಯವರು ವಿದ್ಯುತ್ ಕುಲುಮೆಗಳನ್ನ ಹಾಕಿಕೊಂಡರು. ಕಬ್ಬಿಣಕ್ಕೇ ಕಟ್ಟಿಗೆಯಿಂದ ಬಿಡುಗಡೆ ಸಿಕ್ಕರೂ, ಜೋಗದ ಸದ್ದು ಕೇಳುವಷ್ಟು ಹತ್ತಿರದ ಅಡುಗೆಮನೆಗಳಲ್ಲಿ ಊದುಗೊಳವೆ ಇನ್ನೂ ದಶಕಗಟ್ಟಲೆ ಊದುತ್ತಲೇ ಇತ್ತು.

ಬೆಂಗಳೂರಿನ ಓದುಗರು ಇದೆಲ್ಲಾ ಕಾಡಿನವರ ಕಥೆ ಅಂದುಕೊಳ್ಳಬೇಡಿ. ನಿಮ್ಮ ಬಡಾವಣೆಯ ಹಿರಿಯರನ್ನ ಕೇಳಿ, ಪ್ರತಿ ಏರಿಯಾದಲ್ಲೂ ಒಂದು ಸೌದೆ ಡಿಪೋ ಇತ್ತು, ತಕ್ಕಡಿಯಲ್ಲಿ ತೂಗಿ ಸೌದೆ ಕೊಡ್ತಿದ್ದರು. ಮನೆಯ ಹುಡುಗರ ಭಾನುವಾರದ ಕೆಲಸವೇ ಅದನ್ನ ತರೋದು. 1905ರಲ್ಲೇ ಬೀದಿದೀಪ ಕಂಡ ಊರು, ಎಂಬತ್ತರ ದಶಕದಲ್ಲೂ ಬಡವರ ಒಲೆಗೆ ಲಾರಿಗಟ್ಟಲೆ ಸೌದೆ ತರಿಸಿಕೊಳ್ತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿಯವರು ಈ ಸೌದೆಯನ್ನ ಗಂಭೀರವಾದ ವಿಜ್ಞಾನದ ವಿಷಯ ಅಂತ ತಗೊಂಡವರು. 1974ರಲ್ಲಿ ಅವರು ಶುರು ಮಾಡಿದ ಅಸ್ತ್ರ ಕೇಂದ್ರದವರು ಕುಣಿಗಲ್ ಹತ್ತಿರದ ಉಂಗ್ರ ಸುತ್ತಮುತ್ತಲ ಹಳ್ಳಿಗಳಲ್ಲಿ ಕೂತು ಲೆಕ್ಕ ಹಾಕಿದರು. ಹಳ್ಳಿ ಬಳಸುವ ಶಕ್ತಿಯ ಬಹುಪಾಲು ಬರೋದು ಕಟ್ಟಿಗೆಯಿಂದ, ಅದರ ಬಹುಪಾಲು ಹೋಗೋದು ಅಡುಗೆಗೆ, ಅದನ್ನ ಹೊತ್ತು ತರೋದರಲ್ಲಿ ಹೆಂಗಸರು ಮತ್ತು ಮಕ್ಕಳ ದುಡಿಮೆಯೇ ದೊಡ್ಡದು ಅಂತ ಬರೆದರು. ಸಾಮಾನ್ಯ ಒಲೆಯಲ್ಲಿ ಕಟ್ಟಿಗೆಯ ಶಾಖದಲ್ಲಿ ಪಾತ್ರೆ ಮುಟ್ಟೋದು ನೂರಕ್ಕೆ ಹತ್ತರಷ್ಟು. ಮಿಕ್ಕ ತೊಂಬತ್ತು ಗೋಡೆಗೆ, ಗಾಳಿಗೆ, ಅಡುಗೆ ಮಾಡುವವರ ಕಣ್ಣಿಗೆ. ಆ ಲೆಕ್ಕದಿಂದ ಹುಟ್ಟಿದ್ದೇ ಮೂರು ಪಾತ್ರೆ ಕೂರುವ, ಚಿಮಣಿ ಇರುವ ಅಸ್ತ್ರ ಒಲೆ.

ಇದೇ ಹೊತ್ತಿಗೆ, 1983ರ ಸೆಪ್ಟೆಂಬರಿನಲ್ಲಿ, ಸಿರ್ಸಿ ತಾಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದುಕೊಂಡು ಹೋಗಿ ಗುತ್ತಿಗೆದಾರರ ಕೊಡಲಿಗೆ ಅಡ್ಡವಾಗಿ ಮರ ಅಪ್ಪಿಕೊಂಡರು. ಅಪ್ಪಿಕೋ ಚಳವಳಿ. ಐವತ್ತಮೂರು ವರ್ಷದ ಹಿಂದೆ ಕಡಿದು ಪ್ರತಿಭಟಿಸಿದ ಜಿಲ್ಲೆ ಈಗ ಅಪ್ಪಿಕೊಂಡು ಪ್ರತಿಭಟಿಸಿತು. ನನಗೆ ಇವೆರಡೂ ಒಂದೇ ಮಾತು ಅನ್ನಿಸುತ್ತೆ. ಎರಡೂ ಸಲ ಕೇಳಿದ್ದು, ಈ ಕಾಡಿನಲ್ಲಿ ಏನು ಕಡೀಬೇಕು ಅಂತ ತೀರ್ಮಾನ ಮಾಡೋರು ಯಾರು ಅಂತ. ಅಪ್ಪಿಕೋದವರು ಬರೀ ಅಪ್ಪಿಕೊಂಡು ಸುಮ್ಮನಾಗಲಿಲ್ಲ, ಕಟ್ಟಿಗೆ ಕಮ್ಮಿ ತಿನ್ನುವ ಒಲೆಗಳನ್ನೂ ಮನೆಮನೆಗೆ ಹಾಕಿಸಿದರು. ಬಯಲುಸೀಮೆಯಲ್ಲಿ ಕಥೆ ಇನ್ನೊಂದು ಥರ. ಊರವರು ದನ ಮೇಯಿಸಿ, ಜಾಲಿ ಕಡಿದು ಒಲೆ ಹಚ್ಚುತ್ತಿದ್ದ ಹುಲ್ಲುಗಾವಲುಗಳನ್ನ 1984ರಲ್ಲಿ ಕಾಗದದ ತಿರುಳಿಗೆ ನೀಲಗಿರಿ ಬೆಳೆಯೋಕೆ ಅಂತ ಒಂದು ಜಂಟಿ ಕಂಪನಿಗೆ ಕೊಟ್ಟರು. 1987ರ ನವೆಂಬರಿನಲ್ಲಿ ಕುಸನೂರಿನ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ ಹಚ್ಚಿಕೋ ಅಂತ ಅದಕ್ಕೆ ಹೆಸರು. ಎಷ್ಟು ಒಳ್ಳೇ ಹೆಸರು ನೋಡಿ, ಕನ್ನಡದಲ್ಲಿ ಚಳವಳಿಗೆ ಹೆಸರಿಡೋರಿಗೆ ಭಾಷೆ ಚೆನ್ನಾಗಿ ಬರ್ತಿತ್ತು.

ಈಗ ನಮ್ಮ ಅಡುಗೆಮನೆಯಲ್ಲಿ ಗ್ಯಾಸು. ಬಚ್ಚಲಿಗೆ ಮಾತ್ರ ಕಟ್ಟಿಗೆ, ಅದೂ ಹೆಚ್ಚಿನದು ಅಕೇಶಿಯಾ. ಸಾಮಾಜಿಕ ಅರಣ್ಯ ಅಂತ ಎಂಬತ್ತರ ದಶಕದಿಂದ ಸಾಲುಸಾಲಾಗಿ ನೆಟ್ಟ ಆಸ್ಟ್ರೇಲಿಯಾದ ಮರ ಅದು. ಚೆನ್ನಾಗಿ ಉರಿಯುತ್ತೆ, ಸುಳ್ಳು ಹೇಳಬಾರದು. ಕೆಳಗೆ ಒಂದು ಹುಲ್ಲೂ ಏಳಲ್ಲ ಅನ್ನೋದು ಬೇರೆ ವಿಷಯ. ಒಡೆಯೋಕೆ ಟ್ರ್ಯಾಕ್ಟರಿಗೆ ಜೋಡಿಸುವ ಯಂತ್ರ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬರುತ್ತೆ. ಅದಕ್ಕೆ ಬಿರುಕು ನೋಡಬೇಕಾಗಿಲ್ಲ, ಗಂಟನ್ನೂ ಒತ್ತಿ ಸೀಳುತ್ತೆ.

ಕೊಡಲಿಯಜ್ಜ ತೀರಿಕೊಂಡು ಹನ್ನೆರಡು ವರ್ಷ ಆಯ್ತು. ಅವರ ಮನೆ ಇರೋದು ದಾಖಲೆಯಲ್ಲಿ ಅರಣ್ಯ ಅಂತ ಬರೆದಿರುವ ಜಾಗದಲ್ಲಿ. 2006ರ ಅರಣ್ಯ ಹಕ್ಕು ಕಾಯಿದೆ ಮೊದಲ ಬಾರಿಗೆ ಸವಲತ್ತು ಅನ್ನೋ ಮಾತು ಬಿಟ್ಟು ಹಕ್ಕು ಅನ್ನೋ ಪದ ಬಳಸಿತು. ಕಿರು ಅರಣ್ಯ ಉತ್ಪನ್ನಗಳ ಪಟ್ಟಿಯಲ್ಲಿ ಕುರುಚಲು ಕಟ್ಟಿಗೆ, ಬೊಡ್ಡೆ ಕೂಡ ಇವೆ. ಆದರೆ ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ ಎಪ್ಪತ್ತೈದು ವರ್ಷ, ಅಲ್ಲೇ ಇದ್ದು ಕಾಡನ್ನ ನಂಬಿ ಬದುಕಿದ್ದಕ್ಕೆ ಸಾಕ್ಷಿ ಕೊಡಬೇಕು. ನಮ್ಮ ಬೆಟ್ಟಕ್ಕೆ ಬ್ರಿಟಿಷರ ಕಾಲದಿಂದ ಕಾಗದ ಇದೆ. ತಲೆಹೊರೆಗೆ ಯಾರು ರಸೀದಿ ಇಟ್ಟುಕೊಂಡಿರ್ತಾರೆ?

ನಿಯಮದಲ್ಲಿ ಒಂದು ದಾರಿ ಇದೆ. ಅರ್ಜಿದಾರರಲ್ಲದ ಊರಿನ ಹಿರಿಯರ ಹೇಳಿಕೆಯನ್ನ ಬರೆದುಕೊಂಡರೆ ಅದನ್ನೂ ಸಾಕ್ಷಿಗಳ ಪೈಕಿ ಒಂದು ಅಂತ ತಗೋಬಹುದು. ಹಾಗಾಗಿ ಕಳೆದ ಬಾರಿ ಊರಿಗೆ ಹೋದಾಗ ಅಜ್ಜನ ಮಗ ಬಂದು, "ತಮಾ, ಅಮ್ಮನೋರ ಹತ್ರ ಒಂದು ಮಾತು ಬರೆಸಿಕೊಡ್ತ್ಯಾ?" ಅಂತ ಕೇಳಿದರು. ನನ್ನ ಅಜ್ಜಿಗೆ ಈಗ ಎಂಬತ್ತೆಂಟು. ನೆನಪು ನನ್ನದಕ್ಕಿಂತ ಚುರುಕು. ಜಗಲಿಯಲ್ಲಿ ಕೂತು ಅವಳು ಹೇಳ್ತಾ ಹೋದಳು, ನಾನು ಬರೆದುಕೊಂಡೆ. ತಾನು ಮದುವೆಯಾಗಿ ಈ ಊರಿಗೆ ಬಂದಾಗ ಇವರ ಅಜ್ಜ ಬದುಕಿದ್ದರು, ಆಗಲೇ ಮುದುಕರು, ಅದೇ ಜಾಗದಲ್ಲಿ ಸೋಗೆ ಮನೆ ಇತ್ತು, ಅವರೂ ನಮ್ಮ ಮನೆಗೆ ಕಟ್ಟಿಗೆ ಒಡೆಯಲು ಬರುತ್ತಿದ್ದರು, ಮಳೆಗಾಲಕ್ಕೆ ಬೇಕಾದ ಉರುವಲನ್ನು ಆ ಮನೆಯವರು ಮೇಲಿನ ಕಾಡಿನಿಂದಲೇ ತರುತ್ತಿದ್ದರು. ಇಷ್ಟು ಸಾಕು ಅಂತ ನಾನು ಪೆನ್ನು ಮುಚ್ಚಿದೆ. ಅವಳು ಬಿಡಲಿಲ್ಲ.

"ಯಾವ ಮರ ಅಂತ ಬರೆದ್ಯಾ? ಜಂಬೆ, ಕಿಂದಳ, ಬಿದ್ದ ಮತ್ತಿ. ಹಸಿ ಮರಕ್ಕೆ ಕೊಡ್ಲಿ ಹಾಕಿದ್ದು ನಾ ಒಂದಿನ ನೋಡಿದ್ದಿಲ್ಲೆ, ಅದನ್ನೂ ಬರಿ."

ಅಷ್ಟನ್ನೂ ಬರೆದು, ಅವಳ ಸಹಿ ಹಾಕಿಸಿ, ಪೇಟೆಗೆ ಹೋಗಿ ಮೂರು ಪ್ರತಿ ಜೆರಾಕ್ಸ್ ತೆಗೆಸಿ ಅವರ ಕೈಗೆ ಕೊಟ್ಟೆ.